ಅಂಗಡಿಯಮ್ಮನ ಮೇಲೆ ತೀರದ ಸೇಡು

ಕಳೆದ ವಾರ ನಮ್ಮ ಮನೆಗೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಮೈಸೂರಿನಲ್ಲಿರುವ ಮಗಳು ಫೋನಿನ ಮೇಲೆ ಬೆರಳಾಡಿಸಿ ಕಳಿಸಿದ್ದು. ಒಳಗೆ ಫಳಫಳ ಹೊಳೆಯುವ ಪ್ಯಾಕೆಟ್ಟುಗಳು, ಒಂದೊಂದರ ಮೇಲೂ ಹಸಿರು ಎಲೆ, ಪಕ್ಕದಲ್ಲಿ ಯಾವ ಕಾರಣಕ್ಕೋ ಓಡುತ್ತಿರುವ ತೆಳ್ಳನೆಯ ಯುವಕ. ಎಣ್ಣೆಯಲ್ಲಿ ಕರಿಯದ, ಓವನ್ನಿನಲ್ಲಿ ಬೇಯಿಸಿದ ಸಿರಿಧಾನ್ಯದ ಚಕ್ಕುಲಿ. ತಿಂದರೆ ಆಯುಸ್ಸು ಹೆಚ್ಚುತ್ತದೆ ಎಂಬ ಅರ್ಥ ಬರುವ ಒಂದು ವಾಕ್ಯವೂ ಇತ್ತು. ಇರಬಹುದು. ಒಂದೊಂದು ಚಕ್ಕುಲಿಯನ್ನು ಅಗಿದು ಮುಗಿಸಬೇಕಾದರೆ ಮನುಷ್ಯ ಬಹುಕಾಲ ಬದುಕಿರಲೇಬೇಕಾಗುತ್ತದೆ. ಆದರೆ ಪ್ಯಾಕೆಟ್ಟಿನ ಬಾಯಿ ಹರಿದಾಗ ಒಳಗಿನಿಂದ ಇಂಗಿನ ವಾಸನೆ ಬಂತು ನೋಡಿ... ಚಕ್ಕುಲಿ ಹೆಸರಿಗಷ್ಟೇ ಚಕ್ಕುಲಿ, ಇಂಗು ಮಾತ್ರ ಅಸಲಿ. ನಾನು ಅಲ್ಲೇ ಕುರ್ಚಿಯ ಮೇಲೆ ಕುಳಿತುಬಿಟ್ಟೆ. ಹಳೆಯ ಸಿಟ್ಟು, ಇಷ್ಟು ದಿನ ಎಲ್ಲಿ ಮಲಗಿತ್ತೋ, ಎದ್ದು ಮೈಮುರಿಯಿತು.

ತೀರಿಹೋದವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ಹಿರಿಯರು ಹೇಳುತ್ತಾರೆ. ಈಗ ನಾನೇ ಹಿರಿಯನಾಗಿರುವುದರಿಂದ ಆ ನಿಯಮವನ್ನು ಈ ಬರಹದ ಮಟ್ಟಿಗೆ ರದ್ದುಪಡಿಸಿದ್ದೇನೆ. ನನಗೆ ಅಂಗಡಿಯಮ್ಮನ ಮೇಲೆ ಒಂದು ಸೇಡು ಇದೆ. ಅದು ತೀರಿಲ್ಲ. ತೀರದ ಹಾಗೆ ಮಾಡಿ ಹೋದವರೂ ಆಕೆಯೇ. ಈ ಎರಡೂ ಅಪರಾಧಗಳನ್ನು ಸಾರ್ವಜನಿಕರ ಗಮನಕ್ಕೆ ತರದೆ ನಾನು ಕಣ್ಣು ಮುಚ್ಚುವ ಹಾಗಿಲ್ಲ.

ತ್ಯಾಗರಾಜನಗರದ ನಮ್ಮ ಬೀದಿ ದೊಡ್ಡ ರಸ್ತೆಗೆ ಸೇರುವ ತಿರುವಿನಲ್ಲಿ ಆಕೆಯ ಕಾಂಡಿಮೆಂಟ್ಸ್ ಅಂಗಡಿ ಇತ್ತು. ನಮ್ಮ ಕಡೆ ಕಾಂಡಿಮೆಂಟ್ಸ್ ಎಂದರೆ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಹಪ್ಪಳ, ಸಂಡಿಗೆ, ಚಟ್ನಿಪುಡಿ. ಒಟ್ಟಿನಲ್ಲಿ ಸಂಜೆಯ ಕಾಫಿಗೆ ಬೇಕಾದ ಸಮಸ್ತ ಪರಿವಾರ. ಮುಂದೆ ಕಟ್ಟೆ, ಕಟ್ಟೆಯ ಮೇಲೆ ಸಾಲಾಗಿ ಉದ್ದನೆಯ ತಗಡಿನ ಡಬ್ಬಗಳು, ಹಿಂದೆ ಒಂದು ಹೂವಿನ ಪರದೆ. ಪರದೆಯ ಆಚೆ ಆಕೆಯ ಮನೆ, ಅಡುಗೆಮನೆ, ಬಾಣಲೆ, ಲಿಂಗಪೂಜೆ ಎಲ್ಲವೂ ಒಂದೇ ಕೋಣೆಯಲ್ಲಿ. ಗಂಡ ಶುರುಮಾಡಿದ ಅಂಗಡಿಯಂತೆ. ಅವರು ಹೋದ ಮೇಲೆ ಆಕೆ ಒಬ್ಬರೇ ನಡೆಸುತ್ತಿದ್ದರು. ಹಣೆಯ ತುಂಬ ವಿಭೂತಿ, ದಾರ ಕಟ್ಟಿದ ಕನ್ನಡಕ, ಸೊಂಟಕ್ಕೆ ಬಿಗಿದ ಸೆರಗು. ಆಕೆಯ ಹೆಸರು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಯಾರೂ ಬಳಸುತ್ತಿರಲಿಲ್ಲ. ಅಂಗಡಿಯಮ್ಮ ಎಂದರೆ ಸಾಕು, ಬಸ್ ಕಂಡಕ್ಟರೂ ದಾರಿ ತೋರಿಸುತ್ತಿದ್ದ.

ಆಕೆ ಮಾಡುತ್ತಿದ್ದ ಬೆಣ್ಣೆ ಚಕ್ಕುಲಿಯನ್ನು ವರ್ಣಿಸುವುದು ನನ್ನ ವೈರಿಯ ಹೊಗಳಿಕೆಯಾಗುವುದರಿಂದ ಚುಟುಕಾಗಿ ಹೇಳುತ್ತೇನೆ: ಹಲ್ಲಿಗೆ ತಾಗಿದ ಸದ್ದು ಕೇಳುವಷ್ಟರಲ್ಲಿ ನಾಲಗೆಯ ಮೇಲೆ ಕರಗಿರುತ್ತಿತ್ತು. ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ನಾನು, ನಿವೃತ್ತನಾದ ಮೇಲೆ ದಿನಕ್ಕೊಂದು ಅರ್ಥವಿರಬೇಕೆಂದು ಪ್ರತಿ ಸಂಜೆ ಅಲ್ಲಿಗೆ ಹೋಗುತ್ತಿದ್ದೆ. ಆಕೆ ಮೊದಲು ಒಂದು ಚಕ್ಕುಲಿಯನ್ನು ನನ್ನ ಅಂಗೈಗೆ ಹಾಕಿ, "ಉಪ್ಪು ನೋಡಿ ಸಾರ್" ಎನ್ನುತ್ತಿದ್ದರು. ನಾನು ಗಂಭೀರವಾಗಿ ಅಗಿದು ತಲೆಯಾಡಿಸುತ್ತಿದ್ದೆ. ಆಮೇಲೆ ತೂಕ. ನನ್ನ ಸೇವಾವಧಿಯಲ್ಲಿ ನಾನು ಕೊಟ್ಟ ಯಾವ ಅನುಮೋದನೆಗೂ ಅಷ್ಟು ಬೆಲೆ ಇರಲಿಲ್ಲ...

ಆಮೇಲೆ ನನಗೆ ಸಕ್ಕರೆ ಕಾಯಿಲೆ ಬಂತು. ಬನಶಂಕರಿಯ ನಮ್ಮ ಡಾಕ್ಟರು ಒಳ್ಳೆಯವರು, ನಿಧಾನವಾಗಿ ಹೇಳಿದರು. ಬೆಳಿಗ್ಗೆ ನಡೆಯಿರಿ, ತಟ್ಟೆಯಲ್ಲಿ ಅರ್ಧ ಪಲ್ಯ-ಕೋಸಂಬರಿ ಇರಲಿ, ಅನ್ನ ಕೊನೆಗೆ ಬರಲಿ, ಕರಿದದ್ದು ಬಿಡಿ, ರಾತ್ರಿ ಬೇಗ ಉಣ್ಣಿ, ಮಧ್ಯಾಹ್ನದ ನಿದ್ದೆ ಬೇಡ, ದಿನಾ ಪಾದ ನೋಡಿಕೊಳ್ಳಿ. ನಾನು ಅದನ್ನು ಸರ್ಕಾರಿ ಸುತ್ತೋಲೆಯಂತೆ ಸ್ವೀಕರಿಸಿದೆ. ಅಂದರೆ ಗೌರವದಿಂದ ಕೇಳಿಸಿಕೊಂಡು ಮರೆತೆ. ನನ್ನ ಹೆಂಡತಿ ಮರೆಯಲಿಲ್ಲ. ಮನೆಯಲ್ಲಿ ಸಕ್ಕರೆ ಡಬ್ಬ ಭೂಗತವಾಯಿತು, ಹಪ್ಪಳ ಕಣ್ಮರೆಯಾಯಿತು. ಆದರೆ ತಿರುವಿನಲ್ಲಿ ಅಂಗಡಿ ಇತ್ತಲ್ಲ! ವಾಕಿಂಗ್ ಹೋಗಿ ಎಂದು ಹೆಂಡತಿ ಹೊರಗೆ ಕಳಿಸಿದರೆ ನಾನು ಅಂಗಡಿಯವರೆಗೆ ನಡೆಯುತ್ತಿದ್ದೆ. ಅದೂ ನಡಿಗೆಯೇ.

ಅಲ್ಲಿ ನಾನೊಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹೆಂಗಸರು ದೇವಸ್ಥಾನಕ್ಕೂ ಹೋಗುತ್ತಾರೆ.

ಗೌರಿ ಹಬ್ಬದ ಹಿಂದಿನ ಸಂಜೆ. ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲ. ಬಾಗಿನದ ಮೊರ ಹಿಡಿದವರು, ಬಾಳೆಕಂದು ಹೊತ್ತವರು, ಎಲ್ಲರ ನಡುವೆ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ನಾನು. ಸರದಿ ಬಂದಾಗ ಕಚೇರಿಯ ದನಿಯಲ್ಲೇ ಹೇಳಿದೆ: ಅರ್ಧ ಕೆಜಿ ಬೆಣ್ಣೆ ಚಕ್ಕುಲಿ. ಅಂಗಡಿಯಮ್ಮ ತೆರೆದಿದ್ದ ಡಬ್ಬವನ್ನು ನೋಡಿದರು, ನನ್ನನ್ನು ನೋಡಿದರು, ಮುಚ್ಚಳ ಹಾಕಿ ಅಂಗೈಯಿಂದ ಒತ್ತಿದರು.

"ನಿಮಗಿಲ್ಲ ಸಾರ್."

"ಖಾಲಿ ಆಯ್ತಾ?"

"ಡಬ್ಬ ತುಂಬ ಇದೆ. ನಿಮಗೆ ಕೊಡಲ್ಲ. ಶುಗರ್ ಬಂದಿದ್ಯಂತಲ್ಲ ನಿಮಗೆ, ನಿಮ್ಮನೆಯೋರು ಹೇಳಿದ್ರು."

ಶುಗರ್ ಎಂಬ ಮಾತನ್ನು ಆಕೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬರುವುದನ್ನು ಹೇಳುವ ಹಾಗೆ ಹೇಳಿದರು. ಸಾಲಿನ ಕೊನೆಯಲ್ಲಿದ್ದವರೂ ತಲೆ ಹೊರಳಿಸಿದರು. ನಾನು ದನಿ ತಗ್ಗಿಸಿ, ಚಕ್ಕುಲಿಯಲ್ಲಿ ಸಕ್ಕರೆ ಎಲ್ಲಿದೆಯಮ್ಮ ಎಂದು ಕೇಳಿದೆ.

"ಅದೆಲ್ಲ ನಂಗೊತ್ತಿಲ್ಲ. ಶ್ರಾವಣ ಸೋಮವಾರ ದೇವಸ್ಥಾನದಲ್ಲಿ ನನ್ ಕೈಲಿ ಮಾತು ತಗೊಂಡಿದಾರೆ. ಶಿವನ ಮುಂದೆ ಕೊಟ್ಟಿರೋ ಮಾತು. ಪಕ್ಕಕ್ಕೆ ಬನ್ನಿ ಸಾರ್, ಹಿಂದಿನೋರಿಗೆ ಜಾಗ ಬಿಡಿ."

ಪಕ್ಕಕ್ಕೆ ಬರುವುದಕ್ಕೂ ದಾರಿ ಇರಲಿಲ್ಲ, ಸಹಾನುಭೂತಿ ಅಷ್ಟು ದಟ್ಟವಾಗಿತ್ತು. ಒಬ್ಬಾಕೆ, "ಮೆಂತ್ಯ ನೆನೆಹಾಕಿ ಬೆಳಿಗ್ಗೆ ಕುಡೀರಿ ಅಂಕಲ್" ಎಂದಳು. ಇನ್ನೊಬ್ಬಾಕೆ, "ಮೆಂತ್ಯ ಏನೂ ಆಗಲ್ಲ ಕಣ್ರೀ, ಹಾಗಲಕಾಯಿ ರಸಾನೇ ಆಗ್ಬೇಕು" ಎಂದಳು. ಬಾಳೆಕಂದಿನವನು ಮಾತ್ರ ನನ್ನ ಕಾಲುಗಳನ್ನು ದಿಟ್ಟಿಸುತ್ತಾ, "ನಮ್ ಭಾವನಿಗೂ ಹಿಂಗೇ ಶುರುವಾಗಿದ್ದು ಸಾರ್... ಆಮೇಲೆ ಹೆಬ್ಬೆರಳು..." ಎಂದು ಅರ್ಧಕ್ಕೇ ನಿಲ್ಲಿಸಿದ. ಬರಿಗೈಯಲ್ಲಿ ಮನೆಗೆ ನಡೆದೆ. ಆ ಸಂಜೆ, ನಮ್ಮ ಗೇಟಿನ ಮುಂದೆ, ಮಣ್ಣಿನ ಗಣಪತಿಗಳನ್ನು ಹೊತ್ತ ಗಾಡಿ ಹಾದುಹೋಗುತ್ತಿರುವಾಗ ನಾನು ಪ್ರತಿಜ್ಞೆ ಮಾಡಿದೆ: ಇದೇ ಅಂಗಡಿಯಮ್ಮ, ಇದೇ ಕಟ್ಟೆಯ ಮೇಲೆ, ಇದೇ ಜನರ ಎದುರಿಗೆ, ತನ್ನ ಕೈಯಾರೆ ನನಗೆ ಚಕ್ಕುಲಿ ತೂಗಿಕೊಡಬೇಕು. ಅಲ್ಲಿಯವರೆಗೆ ನನಗೆ ಶಾಂತಿಯಿಲ್ಲ. ಗಣಪತಿಗಳು ಸಾಕ್ಷಿ.

ಮೊದಲು ಅಡ್ಡದಾರಿಗಳನ್ನೇ ಹಿಡಿದೆ. ಎಲ್ಲ ಮಹಾವೈರಗಳೂ ಹಾಗೆಯೇ ಆರಂಭವಾಗುತ್ತವೆ. ಪರಿಚಯದ ಆಟೋದವನಿಗೆ ಚೀಲ ಕೊಟ್ಟು ಕಳಿಸಿದೆ. ಅವನು ಖಾಲಿ ಚೀಲ ಹಿಡಿದು ಬಂದು ತಲೆ ಕೆರೆದುಕೊಂಡ. "ಚೀಲ ನೋಡಿದ ತಕ್ಷಣ ಗೊತ್ತಾಗೋಯ್ತು ಸಾರ್. ಯಾರ ಮನೇದು ಅಂತ ಅದ್ರ ಮೇಲೇ ಬರ್ದಿದ್ಯಂತೆ." ತಿರುಗಿಸಿ ನೋಡಿದೆ. ನಮ್ಮ ಮಗಳ ಮದುವೆಯಲ್ಲಿ ತಾಂಬೂಲಕ್ಕೆ ಹಂಚಿದ ಚೀಲ. ವಧೂವರರ ಹೆಸರು, ನನ್ನ ಹೆಸರು, ವಿಳಾಸದ ಸಮೇತ. ಆಮೇಲೆ ಜಯನಗರದ ನಾಲ್ಕನೇ ಬ್ಲಾಕಿಗೆ ಹೋಗಿ ಬೇರೆ ಅಂಗಡಿಯ ಚಕ್ಕುಲಿ ಕೊಂಡು, ಬಸ್ಸಿನ ಕಿಟಕಿಗೆ ಮುಖ ತಿರುಗಿಸಿ ತಿಂದೆ. ತಲೆಗೆ ಹಚ್ಚುವ ಎಣ್ಣೆಯ ರುಚಿ ಇತ್ತು. ಮುಖ್ಯವಾಗಿ, ಅದರಲ್ಲಿ ಗೆಲುವಿರಲಿಲ್ಲ. ನನಗೆ ಬೇಕಾಗಿದ್ದದ್ದು ಆ ಹೊತ್ತಿಗೆ ಚಕ್ಕುಲಿಯಲ್ಲ, ಅಂಗಡಿಯಮ್ಮನ ಸೋಲು.

ಹಾಗಾದರೆ ಉಳಿದ ದಾರಿ ಒಂದೇ. ನನ್ನ ರಕ್ತದಿಂದ ಸಕ್ಕರೆಯನ್ನು ಓಡಿಸಿ, ಕೊಡುವುದಿಲ್ಲ ಎನ್ನಲು ಆಕೆಗೆ ಕಾರಣವೇ ಇಲ್ಲದ ಹಾಗೆ ಮಾಡುವುದು. ಸೇಡಿಗಾಗಿ ತಪಸ್ಸು ಮಾಡಿದವರ ಕಥೆಗಳನ್ನು ನೀವು ಕೇಳಿದ್ದೀರಿ; ಅವರು ಕಾಡಿಗೆ ಹೋಗುತ್ತಿದ್ದರು, ನಾನು ಪಾರ್ಕಿಗೆ ಹೋದೆ. ಬೆಳಿಗ್ಗೆ ಹಾಲಿನವನು ಬರುವ ಮುಂಚೆ ಎದ್ದು, ಆಕೆಯ ಮುಖವನ್ನೇ ಕಣ್ಣೆದುರು ಇಟ್ಟುಕೊಂಡು ಸುತ್ತು ಹೊಡೆದೆ. ಕಾಲು ಸೋತಾಗಲೆಲ್ಲ "ನಿಮಗಿಲ್ಲ ಸಾರ್" ಎಂಬ ದನಿ ಕೇಳಿಸುತ್ತಿತ್ತು, ಮತ್ತೊಂದು ಸುತ್ತಿಗೆ ಶಕ್ತಿ ಬರುತ್ತಿತ್ತು. ತಟ್ಟೆಯಲ್ಲಿ ಮೊದಲು ಕೋಸಂಬರಿ ತಿಂದೆ, ದ್ವೇಷದಿಂದ. ರಾಗಿಮುದ್ದೆ ನುಂಗಿದೆ, ಬಸ್ಸಾರಿನ ಜೊತೆ, ಹಠದಿಂದ. ಕಾಫಿಗೆ ಸಕ್ಕರೆ ಬಿಟ್ಟೆ; ಮೊದಮೊದಲು ಅದು ಕಷಾಯದ ಹಾಗಿತ್ತು, ಆಮೇಲೆ ಕಾಫಿಯ ಹಾಗೇ ಆಯಿತು. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ರಾತ್ರಿಯ ಊಟ ಮುಗಿಸಿದೆ. ಮಲಗುವ ಮುಂಚೆ ದೀಪದ ಕೆಳಗೆ ನನ್ನ ಪಾದಗಳನ್ನು ಪರೀಕ್ಷಿಸಿದೆ. ಬಾಳೆಕಂದಿನವನ ಭಾವ ಅಲ್ಲಿಗೂ ಬರುತ್ತಿದ್ದ. ಡಾಕ್ಟರ ಬುದ್ಧಿವಾದ ಸೋತಲ್ಲಿ, ಹೆಂಡತಿಯ ಕಣ್ಣೀರು ಸೋತಲ್ಲಿ, ಅವಮಾನ ಗೆದ್ದಿತು. ಆರೋಗ್ಯದ ಬಗ್ಗೆ ಉಪನ್ಯಾಸ ಕೊಡುವವರು ಇದನ್ನು ಯಾಕೆ ಹೇಳುವುದಿಲ್ಲವೋ ನನಗೆ ಗೊತ್ತಿಲ್ಲ. ಒಳ್ಳೆಯ ಅಭ್ಯಾಸ ಬೆಳೆಸಿಕೊಳ್ಳಬೇಕೆಂದರೆ ಮೊದಲು ಒಬ್ಬ ಒಳ್ಳೆಯ ಶತ್ರುವನ್ನು ಸಂಪಾದಿಸಬೇಕು.

ಕೆಲವು ತಿಂಗಳು ಕಳೆದವು. ಪ್ಯಾಂಟು ಸಡಿಲವಾಯಿತು. ರಕ್ತಪರೀಕ್ಷೆಯ ರಿಪೋರ್ಟು ನೋಡಿ ಡಾಕ್ಟರು ಬೆನ್ನು ತಟ್ಟಿದರು. ಅದೇ ಸಂಜೆ, ಜನ ಸೇರುವ ಹೊತ್ತು ಕಾದು, ರಿಪೋರ್ಟನ್ನು ತಂದು ಕಟ್ಟೆಯ ಮೇಲೆ ಇಟ್ಟೆ. ಅಂಗಡಿಯಮ್ಮ ಅದರ ಮೇಲೆ ಬಿದ್ದಿದ್ದ ಚಟ್ನಿಪುಡಿಯನ್ನು ಒರೆಸಿ ನನ್ನ ಕಡೆಗೇ ತಳ್ಳಿದರು.

"ನಂಗ್ಯಾಕ್ ತೋರಿಸ್ತೀರ ಸಾರ್? ನಾನೇನು ಡಾಕ್ಟ್ರಾ? ಮಾತು ತಗೊಂಡೋರು ನಿಮ್ಮನೆಯೋರು. ಅವರು ಬಂದು ಆ ಮಾತು ಬಿಟ್ಟಿದೀನಿ ಅಂದ್ರೆ ಕೊಡ್ತೀನಿ."

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಅವಳು ಹೂಕೋಸು ಹೆಚ್ಚುತ್ತಾ, ತಲೆ ಎತ್ತದೆ, "ಇನ್ನೂ ಸ್ವಲ್ಪ ದಿನ ನೋಡೋಣ, ಅವಸರ ಏನಿದೆ" ಎಂದಳು. ಇಬ್ಬರು ಹೆಂಗಸರು, ಒಬ್ಬ ಶಿವ, ಎದುರಿಗೆ ನಾನೊಬ್ಬ. ತಪಸ್ಸು ಮುಂದುವರಿಯಿತು.

ಆದರೆ ಶಿವ ಬರಿಯ ಅವರ ಪಕ್ಷದವನಲ್ಲ ಎಂಬುದು ಆ ಬೇಸಿಗೆಯಲ್ಲಿ ಗೊತ್ತಾಯಿತು. ಡಾಕ್ಟರ ಕ್ಲಿನಿಕ್ಕಿನಲ್ಲಿ ಸರದಿಗಾಗಿ ಬೆಂಚಿನ ಮೇಲೆ ಕೂತಿದ್ದೆ. ಒಳಗಿನ ಬಾಗಿಲು ಅರ್ಧ ತೆರೆಯಿತು. ಡಾಕ್ಟರ ದನಿ ಹೊರಗೆ ಬಂತು: "ಬಿಪಿ ಹಿಂಗಿದ್ರೆ ಆಗಲ್ಲಮ್ಮಾ. ಉಪ್ಪಿಂದು, ಕರಿದಿದ್ದು ಮುಟ್ಟಲೇಬೇಡಿ. ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಊಟ ಮಾಡಿ. ಎಷ್ಟು ಸಲ ಹೇಳ್ಲಿ ನಿಮಗೆ?" ಆ ದನಿಯ ಹಿಂದೆಯೇ, ಸೆರಗಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತಾ, ಹಣೆಯ ತುಂಬ ವಿಭೂತಿಯ ಅಂಗಡಿಯಮ್ಮ ಹೊರಗೆ ಬಂದರು. ನನ್ನನ್ನು ನೋಡಿದರು. ನಾನು ಎದ್ದು ನಿಂತು ಕೈ ಮುಗಿದೆ. ಆ ಕ್ಷಣದಲ್ಲಿ ದೇವತೆಗಳು ಹೂಮಳೆ ಸುರಿಸಿದರೋ ಇಲ್ಲವೋ ಹೇಳಲಾರೆ. ನನ್ನ ತಲೆಯ ಮೇಲೆ ಫ್ಯಾನಿನಿಂದ ಏನೋ ಧೂಳು ಉದುರಿತು.

ಮಾರನೆಯ ದಿನ ಮಧ್ಯಾಹ್ನ, ಊಟ ಮುಗಿಸಿ, ಬಾಯಿ ತೊಳೆದು, ಅಂಗಡಿಗೆ ಹೋದೆ. ನಾಲ್ಕಾರು ಗಿರಾಕಿಗಳಿದ್ದರು. ಪಕ್ಕದ ಟೈಲರ್ ಕೂಡ ಹೊರಗೆ ಬಂದು ನಿಂತಿದ್ದ. ಅಂಗಡಿಯಮ್ಮನ ಕೈಯಲ್ಲಿ ಮುರಿದ ಕೋಡುಬಳೆಯ ಚೂರುಗಳು, ಪಕ್ಕದಲ್ಲಿ ಕಾಫಿ ಲೋಟ. ನಾನು ರೈಲ್ವೆ ಸ್ಟೇಷನ್ನಿನ ದನಿಯನ್ನೇ ಎರವಲು ಪಡೆದೆ.

"ಏನಮ್ಮಾ, ಬಿಪಿ ಬಂದಿದೆಯಂತಲ್ಲ ನಿಮಗೆ?"

"ಮೆತ್ತಗ್ ಮಾತಾಡಿ ಸಾರ್!"

"ಉಪ್ಪು ಮುಟ್ಟಬಾರದಂತೆ. ಕೋಡುಬಳೆ ಕೆಳಗಿಡಿ. ಊಟ ಆಯ್ತಾ?"

"ಇವತ್ತು ಸೋಮವಾರ. ಒಪ್ಪೊತ್ತು."

ನನ್ನ ಉತ್ಸಾಹಕ್ಕೆ ತಣ್ಣೀರು ಬಿತ್ತು. ಸೋಮವಾರದ ಒಪ್ಪೊತ್ತಿಗೆ, ಒಂದೇ ಹೊತ್ತಿನ ಊಟದ ವ್ರತಕ್ಕೆ, ಅಡ್ಡಬರುವ ಧೈರ್ಯ ಯಾರಿಗಿದೆ? ವಾಪಸು ಹೋದೆ. ಮರುದಿನ ಮತ್ತೆ ಬಂದೆ. ಮಂಗಳವಾರವಂತೆ, ಅಮ್ಮನವರ ವಾರ, ಒಪ್ಪೊತ್ತು. ಗುರುವಾರ ಗುರುಗಳದ್ದು. ಶುಕ್ರವಾರ ಲಕ್ಷ್ಮಿ. ಶನಿವಾರ ಶನಿಮಹಾತ್ಮ. ಬುಧವಾರ ಮಾತ್ರ ಯಾವ ದೇವರದ್ದೆಂದು ಆಕೆಗೂ ತಕ್ಷಣ ಹೊಳೆಯಲಿಲ್ಲ. ಆದರೆ ಆ ಬುಧವಾರ ಏಕಾದಶಿ ಬಿದ್ದಿತ್ತು, ಶಿವನ ಭಕ್ತೆ ವಿಷ್ಣುವಿನ ಉಪವಾಸಕ್ಕೂ ಕೈ ಹಾಕಿದ್ದರು.

ಆಗ ಟೈಲರ್ ಬಾಯಿ ಬಿಟ್ಟ. "ವ್ರತಾನೂ ಇಲ್ಲ ಏನೂ ಇಲ್ಲ ಸಾರ್. ಬೆಳಿಗ್ಗೆ ಮುದ್ದೆ ಸಾರು ಮಾಡಿ ಇಟ್ಟಿರ್ತಾರೆ. ಸಂಜೆ ಅದನ್ನ ತಂದು ಹಸೂಗೆ ಹಾಕ್ತಾರೆ. ನಾನೇ ದಿನಾ ನೋಡ್ತೀನಲ್ಲ."

"ನೀನ್ ಗುಂಡಿ ಹೊಲ್ಕೊಂಡಿರಪ್ಪ," ಎಂದರು ಅಂಗಡಿಯಮ್ಮ.

ವಿಷಯ ಇಷ್ಟು. ಊಟಕ್ಕೆ ಒಳಗೆ ಹೋದರೆ ಕಟ್ಟೆಯ ಹತ್ತಿರ ಯಾರೂ ಇಲ್ಲ. ಬಾಗಿಲು ಹಾಕಿದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ. ಆದ್ದರಿಂದ ಊಟವೇ ಇಲ್ಲ. ಯಾರಾದರೂ ಕೇಳಿದರೆ ಒಪ್ಪೊತ್ತು. ಕೇಳಿದವರು ಕೈಮುಗಿದು ಸುಮ್ಮನಾಗುತ್ತಾರೆ. ನಮ್ಮ ಕಡೆ ಹಸಿದಿದ್ದೇನೆ ಎಂದವರಿಗೆ ಬುದ್ಧಿ ಹೇಳುತ್ತಾರೆ, ವ್ರತ ಎಂದವರಿಗೆ ನಮಸ್ಕಾರ ಮಾಡುತ್ತಾರೆ. ಒಪ್ಪೊತ್ತಿನಲ್ಲಿ ಅನ್ನ-ಮುದ್ದೆ ನಿಷಿದ್ಧ, ಫಲಾಹಾರಕ್ಕೆ ಅಡ್ಡಿಯಿಲ್ಲ. ಅಕ್ಕಿಹಿಟ್ಟನ್ನು ಎಣ್ಣೆಯಲ್ಲಿ ಕರಿದರೆ ಅದು ಅನ್ನವಲ್ಲ, ಹಾಗಾಗಿ ಮುರಿದ ಕೋಡುಬಳೆ, ಒಡೆದ ನಿಪ್ಪಟ್ಟು, ಡಬ್ಬದ ತಳದ ಖಾರದ ಪುಡಿ ಎಲ್ಲವೂ ಫಲಾಹಾರ. ನನ್ನ ಬಾಯಿಗೆ ಮುಚ್ಚಳ ಒತ್ತಿದ ಈ ಮಹಾತಾಯಿ ವರ್ಷಗಳಿಂದ ಬದುಕಿದ್ದು ಇದರ ಮೇಲೆ!

ನನ್ನ ಆನಂದಕ್ಕೆ ಪಾರವೇ ಇರಲಿಲ್ಲ. ಇಡೀ ಸಾಲಿಗೆ ಕೇಳುವ ಹಾಗೆ ತೀರ್ಪು ಕೊಟ್ಟೆ: ನಾಳೆಯಿಂದ ಮಧ್ಯಾಹ್ನ ನಾನು ಬಂದು ಕಟ್ಟೆಯ ಹಿಂದೆ ಕೂರುತ್ತೇನೆ, ನೀವು ಒಳಗೆ ಹೋಗಿ ಉಣ್ಣುತ್ತೀರಿ. ಇಲ್ಲವಾದರೆ ನಿಮ್ಮ ಬಿಪಿಯ ವಿಷಯ ದೇವಸ್ಥಾನದಲ್ಲಿ ನನ್ನ ಹೆಂಡತಿಯ ಬಾಯಿಂದ ಪ್ರಕಟವಾಗುತ್ತದೆ.

"ಬೆದರಿಸ್ತೀರಾ ಸಾರ್?"

"ಹೂಂ."

ಅಂಗಡಿಯಮ್ಮ ಸ್ಟೂಲನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿದರು.

ಹೀಗೆ ನಾನು ಶತ್ರುವಿನ ಕೋಟೆಯೊಳಗೆ ಕೂತೆ. ಕೂತ ಮೇಲೆ ಅರಿವಾಯಿತು, ಇದು ಕೋಟೆಯಲ್ಲ, ಬೋನು. ಮೊಣಕೈ ಚಾಚಿದರೆ ಬೆಣ್ಣೆ ಚಕ್ಕುಲಿ. ಇನ್ನೊಂದು ಮೊಣಕೈಗೆ ನಿಪ್ಪಟ್ಟು. ಇಂಗಿನ ವಾಸನೆ ಮೂಗಿನಿಂದ ನೇರ ಪ್ರಾಣಕ್ಕೆ. ಬೀದಿ ಖಾಲಿ, ಮಧ್ಯಾಹ್ನದ ಬಿಸಿಲು. ಮೆಲ್ಲಗೆ ಕೈ ಮುಂದೆ ಹೋಯಿತು...

ಪರದೆಯ ಆಚೆಯಿಂದ, ಬಾಯಲ್ಲಿ ಮುದ್ದೆಯ ತುತ್ತಿರುವ ದನಿ ಬಂತು. "ಸಾರ್, ಯಾವ ಡಬ್ಬದ ಮುಚ್ಚಳ ಹೆಂಗ್ ಸದ್ದು ಮಾಡುತ್ತೆ ಅಂತ ನಂಗೊತ್ತು. ನೀವು ಮುಟ್ಟಿರೋದು ಚಕ್ಕುಲೀದು."

ಕೈ ಹಿಂದಕ್ಕೆ ಬಂತು. "ನೊಣ ಓಡಿಸ್ತಿದ್ದೆ," ಎಂದೆ.

"ನಮ್ ಅಂಗಡೀಲಿ ನೊಣ ಇಲ್ಲ."

ಹೀಗೆ ನಮ್ಮ ಮಧ್ಯಾಹ್ನಗಳು ನಡೆದವು. ಆಕೆ ಪರದೆಯೊಳಗೆ ನನ್ನ ಕಾವಲಿನಲ್ಲಿ ಉಣ್ಣುವುದು, ನಾನು ಪರದೆಯೀಚೆ ಆಕೆಯ ಕಾವಲಿನಲ್ಲಿ ಉಪವಾಸ ಕೂರುವುದು. ಆಕೆ ತಟ್ಟೆ ತೊಳೆದ ಸದ್ದು ಕೇಳುವವರೆಗೂ ನಾನು ಏಳುತ್ತಿರಲಿಲ್ಲ. ತೊಳೆದ ತಟ್ಟೆಯನ್ನು ಕೆಲವೊಮ್ಮೆ ತರಿಸಿ ನೋಡುತ್ತಲೂ ಇದ್ದೆ. ಸಾರಿಗೆ ಉಪ್ಪು ಎಷ್ಟು ಹಾಕಿದಿರಿ ಎಂದು ಗಿರಾಕಿಗಳೆದುರೇ ಕೇಳುತ್ತಿದ್ದೆ. "ಬೀಗರ ಮನೇಲೂ ಇಷ್ಟು ವಿಚಾರಣೆ ಇರ್ಲಿಲ್ಲಪ್ಪ" ಎಂದು ಆಕೆ ಗೊಣಗುತ್ತಿದ್ದರು. ಅಧಿಕಾರದ ಸ್ಥಾನ ಸಿಕ್ಕ ಮೇಲೆ ನನ್ನ ಹಳೆಯ ಚಾಳಿಯೂ ಮರಳಿತು. ಏದುಸಿರು ಬಿಡುತ್ತಾ ನಿಪ್ಪಟ್ಟು ಕೇಳಲು ಬಂದ ನನ್ನ ವಯಸ್ಸಿನವರೊಬ್ಬರನ್ನು, ಶುಗರ್ ಟೆಸ್ಟ್ ಮಾಡಿಸಿ ಎಷ್ಟು ದಿನ ಆಯಿತು ಎಂದು ಕೇಳಿದೆ. ಅವರು ಕೆಂಡಾಮಂಡಲವಾಗಿ ಹೋದರು. ಪರದೆಯೊಳಗೆ ಅಂಗಡಿಯಮ್ಮ ನಕ್ಕು ನಕ್ಕು ಕೆಮ್ಮಿದ್ದು ಕೇಳಿಸಿತು. "ನನ್ ವ್ಯಾಪಾರ ಹಾಳ್ ಮಾಡ್ತೀರ ಸಾರ್ ನೀವು!"

ಒಂದು ದಿನ ಸುಮ್ಮನೆ, ಏನಮ್ಮಾ, ರಾತ್ರಿಯಾದರೂ ಸರಿಯಾಗಿ ಉಣ್ಣುತ್ತೀರಾ ಎಂದು ಕೇಳಿದೆ. "ಒಬ್ಳೇ ಕೂತು ತಟ್ಟೆ ಮುಂದೆ ಇಟ್ಕೊಂಡ್ರೆ ಇಳಿಯಲ್ಲ ಸಾರ್. ಇಲ್ಲಿ ನೀವು ಹೊರಗಡೆ ಕೂತು ಬೈತಾ ಇರ್ತೀರಲ್ಲ, ಅದಕ್ಕೆ ಇಳಿಯುತ್ತೆ." ವೈರಿಯ ಬಾಯಿಂದ ಇಂಥ ಮಾತು ಬರಬಾರದು. ಯುದ್ಧದ ಶಿಸ್ತು ಕೆಡುತ್ತದೆ.

ಕೆಟ್ಟೇಬಿಟ್ಟಿತು. ಮಳೆಗಾಲ ಮುಗಿಯುವ ಹೊತ್ತಿಗೆ ಆಕೆಯ ಬಿಪಿ ಇಳಿದು ಡಾಕ್ಟರು ಹೊಗಳಿದರಂತೆ. ಅದನ್ನು ಆಕೆ ಹೆಮ್ಮೆಯಿಂದ ನನಗೇ ಹೇಳಿದಾಗ ನನಗೆ ಮೋಸ ಹೋದಂತಾಯಿತು. ಸೇಡು ತೀರಿಸಿಕೊಳ್ಳಲು ಹೊರಟವನು ಶತ್ರುವಿನ ಮೈಗೆ ಬಣ್ಣ ಬರಿಸಿದ್ದೆ! ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ. ಅವಳು ಏನನ್ನು ಕಂಡಳೋ, ಮರುದಿನ ಅಂಗಡಿಗೆ ಹೋಗಿ, ಮಾತು ಬಿಟ್ಟಿದ್ದೇನೆ, ದೀಪಾವಳಿಗೆ ಸ್ವಲ್ಪ ಕೊಡಿ ಎಂದು ಹೇಳಿ ಬಂದಳು. ಸಂಜೆ ನಾನು ಹೋದಾಗ ಅಂಗಡಿಯಮ್ಮ ಎಲ್ಲರೆದುರಿಗೆ ಘೋಷಿಸಿದರು.

"ದೀಪಾವಳಿಗೆ ಬನ್ನಿ ಸಾರ್. ಹೊಸಾ ಬೆಣ್ಣೆ ತರಿಸಿ, ಮೊದಲ್ನೇ ಬಾಣಲೆ ನಿಮಗೇ ತೆಗೀತೀನಿ. ನಾನೇ ತೂಗಿ ಕೊಡ್ತೀನಿ. ಆಯ್ತಾ? ಹೊಟ್ಟೆ ತಣ್ಣಗಾಯ್ತಾ?"

ನನ್ನ ವಿಜಯಕ್ಕೆ ಮುಹೂರ್ತ ಗೊತ್ತಾಯಿತು.

ಅಷ್ಟರಲ್ಲಿ ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಮೈಸೂರಿಗೆ ಹೋಗಬೇಕಾಯಿತು. ಹೊರಡುವ ಮುಂಚೆ ಅಂಗಡಿಗೆ ಹೋಗಿ, ನಾನಿಲ್ಲವೆಂದು ಊಟ ಬಿಟ್ಟರೆ ನೋಡಿ ಎಂದು ಬೆದರಿಸಿದೆ. "ಹೋಗಿ ಮೊಮ್ಮಗೂನ ನೋಡ್ಕೊಳಿ ಸಾರ್, ನಾನೇನು ಚಿಕ್ ಮಗೂನಾ" ಎಂದರು. ಉಣ್ಣುತ್ತೇನೆ ಎಂದು ಮಾತು ಕೊಟ್ಟರು. ಮಾತೆಂದರೆ ಮಾತು ಎಂದು ನಂಬಿ ಹೋದೆ.

ದೀಪಾವಳಿಗೆ ಇನ್ನೂ ಕೆಲವು ದಿನ ಇರುವಾಗಲೇ ವಾಪಸು ಬಂದೆವು. ಬಟ್ಟೆ ಬದಲಿಸದೆ ತಿರುವಿಗೆ ಹೋದೆ. ಷಟರು ಎಳೆದಿತ್ತು. ಅದರ ಮೇಲೆ ಯಾರೋ ಹಾಕಿದ್ದ ಸೇವಂತಿಗೆ ಹಾರ ಆಗಲೇ ಕಂದಿತ್ತು. ಟೈಲರ್ ಮೆಷಿನ್ನಿನಿಂದ ಎದ್ದು ಬಂದ.

"ಮಧ್ಯಾಹ್ನ ಸಾರ್... ಕಟ್ಟೆ ಮೇಲೆ ತಲೆ ಇಟ್ಕೊಂಡಿದ್ರು. ನಿದ್ದೆ ಮಾಡ್ತಿದಾರೆ ಅಂದ್ಕೊಂಡೆ. ಆಸ್ಪತ್ರೆಗೆ ಹೋಗೋ ಅಷ್ಟರಲ್ಲಿ ಮುಗ್ದೋಗಿತ್ತು."

"ಊಟ?" ಎಂದು ಕೇಳಿದೆ. ಅದನ್ನೇ ಯಾಕೆ ಕೇಳಿದೆನೋ.

"ನೀವು ಹೋದ್ಮೇಲೆ ಮತ್ತೆ ಒಪ್ಪೊತ್ತು ಶುರುವಾಗಿತ್ತು ಸಾರ್. ಕೇಳಿದ್ರೆ, ಸಾರ್ ಬರ್ಲಿ ಆಮೇಲೆ ಉಣ್ತೀನಿ ಬಿಡು ಅಂತಿದ್ರು."

ಅಲ್ಲಿ ನಿಂತು ಅತ್ತೆನೆಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು. ನಾನು ಅಳಲಿಲ್ಲ. ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ನನ್ನ ಹೆಂಡತಿಗೆ ಕೊಟ್ಟ ಮಾತನ್ನು ಶಿವನ ಹೆಸರಿನಲ್ಲಿ ಅಷ್ಟು ಕಾಲ ಉಳಿಸಿಕೊಂಡವರು, ನನಗೆ ಕೊಟ್ಟ ಮಾತುಗಳನ್ನು ಹೀಗೆ ತಿಪ್ಪೆಗೆ ಎಸೆಯುವುದೇ? ಉಣ್ಣುತ್ತೇನೆ ಎಂದರು, ಉಣ್ಣಲಿಲ್ಲ. ತೂಗಿ ಕೊಡುತ್ತೇನೆ ಎಂದರು, ಕೊಡಲಿಲ್ಲ. ನನ್ನ ಹೊಟ್ಟೆಯನ್ನು ಅಷ್ಟು ಕಾಲ ಕಾದವರು ತಮ್ಮ ಹೊಟ್ಟೆಯನ್ನು ಇನ್ನೊಬ್ಬರು ಬಂದು ಕಾಯಲಿ ಎಂದು ಬಿಟ್ಟುಕೊಂಡರು. ಇದಕ್ಕೆ ಕ್ಷಮೆಯಿಲ್ಲ. ಈಗಲೂ ಇಲ್ಲ. ಆ ದೀಪಾವಳಿಗೆ ನಾನು ಬೆಣ್ಣೆ ಚಕ್ಕುಲಿ ಮುಟ್ಟಲಿಲ್ಲ, ಆಮೇಲೂ ಮುಟ್ಟಲಿಲ್ಲ. ನಡಿಗೆ ಬಿಡಲಿಲ್ಲ, ಮುದ್ದೆ ಬಿಡಲಿಲ್ಲ, ಪಾದ ನೋಡಿಕೊಳ್ಳುವುದನ್ನೂ ಬಿಡಲಿಲ್ಲ. ಬಿಟ್ಟರೆ ಆಕೆ ಎಲ್ಲಿಂದಲೋ, ನೋಡಿ ಹೇಳಿದ್ದೆನಲ್ಲ ಎನ್ನುತ್ತಾರೆ. ಆ ಮಾತು ಕೇಳಿಸಿಕೊಳ್ಳಲು ನಾನು ತಯಾರಿಲ್ಲ. ವರ್ಷಗಳಾದವು. ನನ್ನ ರಿಪೋರ್ಟುಗಳು ಈಗ ಎಷ್ಟು ಚೆನ್ನಾಗಿವೆಯೆಂದರೆ ಡಾಕ್ಟರಿಗೇ ನನ್ನ ಜೊತೆ ಮಾತಾಡಲು ವಿಷಯವಿಲ್ಲ.

ಕಳೆದ ವಾರ, ಮಗಳು ಕಳಿಸಿದ ಪೆಟ್ಟಿಗೆ ತೆರೆದ ಸಂಜೆ, ಕಾಲು ತಾನಾಗಿ ತಿರುವಿನ ಕಡೆ ಹೋಯಿತು. ಅಷ್ಟು ವರ್ಷ ಆ ಅಂಗಡಿಯನ್ನು ತಪ್ಪಿಸಿ ಎದುರು ಬದಿಯ ಫುಟ್‌ಪಾತಿನಲ್ಲೇ ನಡೆಯುತ್ತಿದ್ದೆ. ಅಂಗಡಿಯನ್ನು ಈಗ ಆಕೆಯ ತಂಗಿಯ ಮಗ ನಡೆಸುತ್ತಾನೆ. ಎರಡು ಮಕ್ಕಳ ತಂದೆ, ನಗುಮುಖದ ಮನುಷ್ಯ. ಗಾಜಿನ ಶೋಕೇಸು, ಬಿಳಿ ದೀಪ, ಫೋನಿಟ್ಟು ಹಣ ಕಟ್ಟುವ ಫಲಕ. ಪರದೆಯ ಜಾಗದಲ್ಲಿ ಪ್ಲೈವುಡ್ ಗೋಡೆ ಬಂದಿದೆ. ಗೋಡೆಯ ಮೇಲೆ, ಹಾರದ ಒಳಗೆ, ದಾರ ಕಟ್ಟಿದ ಕನ್ನಡಕದ ಆಕೆ.

"ಏನ್ ಕೊಡ್ಲಿ ಅಂಕಲ್?"

"ಬೆಣ್ಣೆ ಚಕ್ಕುಲಿ. ಅರ್ಧ ಕೆಜಿ."

ಅವನು ನನ್ನ ಮುಖವನ್ನೂ ನೋಡಲಿಲ್ಲ. ಶೋಕೇಸಿನ ಬಾಗಿಲು ಸರಿಸಿ ಕೈಹಾಕಿ ತುಂಬತೊಡಗಿದ. ಸುತ್ತ ಗಿರಾಕಿಗಳಿದ್ದರು, ಯಾರೂ ತಿರುಗಲಿಲ್ಲ. ನನಗೆ ಸಹಿಸಲಾಗಲಿಲ್ಲ.

"ನಂಗೆ ಶುಗರ್ ಇದೆ," ಎಂದೆ.

"ಏನಾಗಲ್ಲ ಬಿಡಿ ಅಂಕಲ್, ಒಂದಿನ ತಿಂದ್ರೆ. ಒಂದ್ ಕೆಜೀನೇ ಹಾಕ್ಬಿಡ್ಲಾ?"

"ಒಂದ್ಸಲ ಕೊಡಲ್ಲ ಅನ್ನಪ್ಪಾ."

ಅವನು ಕೈ ನಿಲ್ಲಿಸಿ, ಮೊದಲ ಸಲ ನನ್ನನ್ನು ನೋಡಿದ. ಪಾಪ, ಅವನಿಗೆ ಗಾಬರಿಯಾಗಿತ್ತು.

"ಯಾಕ್ ಅಂಕಲ್? ಬೇಕಾದಷ್ಟು ಸ್ಟಾಕ್ ಇದ್ಯಲ್ಲ!"